ಹಳದಿ ಟೀಶರ್ಟಿನ ಸಾಲು

ಎರಡೂವರೆ ವರ್ಷದ ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಹೋಗಿ ಶಾಪಿಂಗ್ ಮಾಲ್ ತೋರಿಸಬೇಕೆಂಬ ಯೋಚನೆ ಮೊದಲು ಯಾರ ತಲೆಗೆ ಬಂತೋ ಗೊತ್ತಿಲ್ಲ. ಆ ತಲೆಯನ್ನು ಒಮ್ಮೆ ಹತ್ತಿರದಿಂದ ನೋಡಬೇಕೆಂಬ ಆಸೆ ನನಗೆ ಇವತ್ತಿಗೂ ಇದೆ.

ಮಗಳನ್ನು ಬಿಡುತ್ತಿದ್ದ ಡೇಕೇರ್ ಕೊಚ್ಚಿಯಲ್ಲಿ, ನಮ್ಮ ಬಾಡಿಗೆ ಮನೆಯ ಹಿಂದಿನ ರಸ್ತೆಯಲ್ಲೇ ಇತ್ತು. ನಾನು ಮೈಸೂರಿನವಳು. ಅಂಬಲಮುಗಳ್‌ನ ರಿಫೈನರಿಯಲ್ಲಿ ಸೇಫ್ಟಿ ವಿಭಾಗದ ಎಂಜಿನಿಯರ್. ಗಂಡ ತುಂಬದ ರಾಕೆಟ್ ಕೇಂದ್ರದಲ್ಲಿ ವಿಜ್ಞಾನಿ, ಇರುವುದು ತಿರುವನಂತಪುರದಲ್ಲಿ. ವಾರದ ಕೊನೆಗೆ ಇಬ್ಬರಲ್ಲಿ ಒಬ್ಬರು ರೈಲು ಹತ್ತುತ್ತೇವೆ. ಉಳಿದ ದಿನಗಳಲ್ಲಿ ಮಗಳು ನನ್ನ ಪಾಲು, ಅಭಿಪ್ರಾಯಗಳು ಅವನ ಪಾಲು.

ಡೇಕೇರ್ ನಡೆಸುವಾಕೆಯನ್ನು ಎಲ್ಲರೂ ಟೀಚರ್ ಎನ್ನುತ್ತಿದ್ದೆವು. ಒಂದು ಗುರುವಾರ ತಾಯ್ತಂದೆಯರ ವಾಟ್ಸಾಪ್ ಗ್ರೂಪಿನಲ್ಲಿ ಅವರ ಮೆಸೇಜ್ ಬಂತು. ಸೋಮವಾರ ಫೀಲ್ಡ್ ಟ್ರಿಪ್. ಮೆಟ್ರೋದಲ್ಲಿ ಮಾಲ್‌ಗೆ ಪಯಣ, ಆಟ, ಐಸ್‌ಕ್ರೀಮ್. ಹಳದಿ ಟೀಶರ್ಟ್ ಕಡ್ಡಾಯ. ಒಪ್ಪಿಗೆ ಇರುವವರು ಹೆಬ್ಬೆರಳು ಒತ್ತಿ. ನಾನು ಊಟದ ಹೊತ್ತಿಗೆ ನೋಡುವಷ್ಟರಲ್ಲಿ ಹೆಬ್ಬೆರಳುಗಳ ಜಾತ್ರೆಯೇ ನೆರೆದಿತ್ತು. ಆ ಗ್ರೂಪಿನಲ್ಲಿ ಯಾರದೋ ಅಜ್ಜಿ ತೀರಿಕೊಂಡ ಸುದ್ದಿಗೂ ಹೆಬ್ಬೆರಳೇ ಬೀಳುತ್ತಿತ್ತು, ಓದಿ ಒತ್ತಿದರೋ ಓದದೆ ಒತ್ತಿದರೋ ದೇವರಿಗೇ ಗೊತ್ತು.

ನಾನು ಒತ್ತಲಿಲ್ಲ. ಒಂದು ಪ್ರಶ್ನೆ ಹಾಕಿದೆ. ಮಕ್ಕಳನ್ನು ಎಣಿಸುವವರು ಯಾರು, ಹೇಗೆ?

ಇದು ನನ್ನ ಕಸುಬಿನ ಪ್ರಶ್ನೆ. ನಮ್ಮಲ್ಲಿ ಪ್ಲಾಂಟಿನ ಒಳಗೆ ಹೋಗುವ ಪ್ರತಿಯೊಬ್ಬನೂ ತನ್ನ ಟೋಕನ್ನನ್ನು ಬಾಗಿಲ ಬಳಿಯ ಬೋರ್ಡಿಗೆ ತೂಗುಹಾಕಿ ಹೋಗಬೇಕು, ಬರುವಾಗ ತಾನೇ ತೆಗೆದುಕೊಳ್ಳಬೇಕು. ಗೆಳೆಯನ ಟೋಕನ್ ಅಂತ ಇನ್ನೊಬ್ಬ ಮುಟ್ಟುವಂತಿಲ್ಲ. ಸೈರನ್ ಕೂಗಿದಾಗ ಹೊರಗೆ ಸೇರಿದವರ ತಲೆ ಎಣಿಸಿ ಸಮಾಧಾನಪಡುವ ಹಾಗೂ ಇಲ್ಲ. ಹೆಸರು ಕರೆದು ಮುಖ ನೋಡಬೇಕು. ತಲೆಗಳ ಲೆಕ್ಕ ಸರಿಯಿದ್ದೂ ಮನುಷ್ಯ ಒಳಗೇ ಉಳಿದಿರಬಹುದು ಎಂಬುದನ್ನು ನಾವು ಕೆಲಸಕ್ಕೆ ಸೇರಿದ ಮೊದಲ ವಾರವೇ ಕಲಿಯುತ್ತೇವೆ.

ಟೀಚರ್ ಉತ್ತರವಾಗಿ ನಗುವ ಮುಖ ಕಳಿಸಿದರು. ಸಂಜೆ ಮಗಳನ್ನು ಕರೆತರಲು ಹೋದಾಗ ಗೇಟಿನಲ್ಲಿ ನನ್ನ ಭುಜ ತಟ್ಟಿ, ಮಗಳೇ ಎಂದು ಕರೆದು ಮಲಯಾಳದಲ್ಲಿ ಹೇಳಿದರು:

"ಮೋಳೇ, ಇದು ನಿನ್ನ ರಿಫೈನರಿ ಅಲ್ಲ. ಎಲ್ಲರಿಗೂ ಹಳದಿ ಟೀಶರ್ಟ್ ಹಾಕ್ತೀವಲ್ಲ, ದೂರದಿಂದಲೇ ಕಾಣಿಸ್ತಾರೆ."

"ನಾನು ಕಳಿಸದಿದ್ರೆ?"

"ಬರದ ಮಕ್ಕಳಿಗೆ ಅವತ್ತು ರಜೆ. ನಾವೆಲ್ಲರೂ ಟ್ರಿಪ್ಪಿಗೆ ಹೋಗ್ತೀವಿ, ಇಲ್ಲಿ ಯಾರೂ ಇರಲ್ಲ."

ಮೈ ಉರಿದದ್ದು ಆಗ. ಒಪ್ಪಿಗೆ ಕೇಳುವುದಂತೆ, ಒಪ್ಪದಿದ್ದರೆ ಬಾಗಿಲಿಗೆ ಬೀಗವಂತೆ. ಅಲ್ಲಿ ಮಕ್ಕಳನ್ನು ಬಿಡುತ್ತಿದ್ದ ನಾವೆಲ್ಲರೂ ಕೆಲಸಕ್ಕೆ ಹೋಗುವ ತಾಯಂದಿರು. ಸೋಮವಾರ ಇದ್ದಕ್ಕಿದ್ದ ಹಾಗೆ ರಜೆ ಹಾಕಬಲ್ಲವಳು ಡೇಕೇರಿಗೆ ಯಾಕೆ ಬರುತ್ತಾಳೆ? ಅದು ಟೀಚರಿಗೂ ಚೆನ್ನಾಗಿ ಗೊತ್ತಿತ್ತು. ಎಸಿ ಹಾಕಿದ ಮಾಲಿನಲ್ಲಿ ಮಕ್ಕಳು ಕಲಿಯುವುದು ಏನೂ ಇರಲಿಲ್ಲ, ಅಲ್ಲಿ ತೆಗೆದ ಫೋಟೋಗಳು ಮುಂದಿನ ವರ್ಷದ ಅಡ್ಮಿಷನ್ನಿಗೆ ಬೇಕಾಗಿದ್ದವು. ನನಗಂತೂ ಆ ವಾರ ರಜೆಯ ಮಾತೇ ಇರಲಿಲ್ಲ. ಒಂದು ಘಟಕವನ್ನು ರಿಪೇರಿಗೆಂದು ನಿಲ್ಲಿಸಿದ್ದರು, ಒಳಗೆ ಗುತ್ತಿಗೆ ಕೆಲಸಗಾರರು ತುಂಬಿದ್ದರು.

ಶನಿವಾರ ಮಗಳನ್ನು ಎತ್ತಿಕೊಂಡು ತಿರುವನಂತಪುರದ ರೈಲು ಹತ್ತಿದೆ. ಗಂಡ ತಂಪಾನೂರಿನಲ್ಲಿ ಸ್ಟೇಷನ್ನಿನ ಎದುರು ಕಾಯುತ್ತಿದ್ದ. ಅಲ್ಲೇ ಒಂದು ಹೋಟೆಲಿನಲ್ಲಿ ಕುಳಿತೆವು. ದೋಸೆ ಬರುವ ಮೊದಲೇ ನಾನು ಎಲ್ಲ ಹೇಳಿ ಮುಗಿಸಿದ್ದೆ.

"ಒಂದ್ ಮಾಲಿಗೆ ಹೋಗ್ಬರೋದಕ್ಕೆ ಇಷ್ಟೊಂದಾ? ಅವಳೂ ನಾಲ್ಕ್ ಜನರ ಜೊತೆ ಬೆರೀಬೇಕು ಕಣೇ," ಅಂದ.

"ನಾಲ್ಕ್ ಜನ ಎಲ್ಲಿ ಬಂದ್ರು? ಅಲ್ಲಿ ಇಡೀ ಊರೇ ಇರತ್ತೆ."

"ನಿಂಗೆ ಎಲ್ಲಾ ಕಡೆ ಬೆಂಕೀನೇ ಕಾಣತ್ತೆ. ಅಷ್ಟೂ ಜನ ಒಪ್ಕೊಂಡಿದಾರೆ ತಾನೆ?"

"ಸರಿ, ಅವ್ರು ಕಳಿಸ್ಲಿ. ನಾನು ಕಳ್ಸಲ್ಲ. ಸೋಮವಾರ ನೀನು ರಜೆ ಹಾಕು."

"ಸೋಮವಾರ ರಿವ್ಯೂ ಇದೆ."

"ನಿಂಗೆ ಯಾವತ್ತು ಇರಲ್ಲ ರಿವ್ಯೂ? ಒಂದು ರಾಕೆಟ್ ಮೇಲೆ ಕಳ್ಸೋಕೆ ಮುಂಚೆ ಕೂತು ನಿಂತು ಚೆಕ್ ಮಾಡ್ತೀರ. ಮಗು ಕಳ್ಸೋಕೆ ಮುಂಚೆ ನಾನು ಒಂದು ಪ್ರಶ್ನೆ ಕೇಳಿದ್ರೆ ಅತಿ ಆಗೋಯ್ತಾ?"

ನನ್ನ ದನಿ ಎಷ್ಟು ಏರಿತ್ತೆಂದರೆ ಪಕ್ಕದ ಟೇಬಲ್ಲಿನವರು ತಿನ್ನುವುದನ್ನು ನಿಲ್ಲಿಸಿದರು. ಮಗಳು ಸಾಂಬಾರಿನ ಬಟ್ಟಲನ್ನು ದೂಡಿ "ವೇಂಡ, ವೇಂಡ" ಎಂದು ಅಳತೊಡಗಿದಳು. ನಾವು ಕನ್ನಡದಲ್ಲಿ ಜಗಳವಾಡಿದರೂ ಅವಳು ಬೇಡ ಅನ್ನುವುದು ಮಲಯಾಳದಲ್ಲೇ. ಗಂಡ ಫೋನ್ ತೆಗೆದು ಹೊರಗೆ ಹೋಗಿ ಯಾರೊಂದಿಗೋ ಮಾತಾಡಿ ಬಂದ. "ಹಾಕಿದೀನಿ ರಜೆ. ಸಮಾಧಾನಾನಾ?" ಅಂದ. ಭಾನುವಾರ ಮೂವರೂ ಕೊಚ್ಚಿಗೆ ಮರಳಿದೆವು. ಕೊಲ್ಲಂ ದಾಟುವವರೆಗೆ ಅವನು ಕಿಟಕಿಯ ಕಡೆಗೇ ಮುಖ ಮಾಡಿಕೊಂಡಿದ್ದ.

ಪ್ಲಾಂಟಿನೊಳಗೆ ಫೋನ್ ಒಯ್ಯುವಂತಿಲ್ಲ. ಸೋಮವಾರ ಮಧ್ಯಾಹ್ನ ಹೊರಗೆ ಬಂದು ನೋಡಿದರೆ ಗಂಡನ ಮಿಸ್ಡ್ ಕಾಲ್‌ಗಳ ಸಾಲು. ಫೋನ್ ಮಾಡಿದರೆ ಹಿಂದೆ ಹಾಡು, ಗದ್ದಲ.

"ಎಲ್ಲಿದೀಯ?"

"ಮಾಲಲ್ಲಿ."

ಮಗಳನ್ನು ಮಾಲಿಗೆ ಕಳಿಸಬಾರದು ಅಂತ ಗಂಡನನ್ನು ತಿರುವನಂತಪುರದಿಂದ ಎಳೆದುಕೊಂಡು ಬಂದರೆ, ಪುಣ್ಯಾತ್ಮ ಅವಳನ್ನು ಅದೇ ಮಾಲಿಗೆ ಕರೆದುಕೊಂಡು ಹೋಗಿದ್ದ.

"ಮನೇಲಿ ಎಷ್ಟು ಹೊತ್ತು ಅಂತ ಆಡ್ಸೋದು? ಅಳ್ತಿದ್ಲು. ಬೈಯ್ಬೇಡ, ಮೊದ್ಲು ಕೇಳು," ಅಂದ.

ನಡೆದದ್ದು ಇಷ್ಟು. ಎಸ್ಕಲೇಟರಿನ ಬುಡದಲ್ಲಿ ಹಳದಿ ಟೀಶರ್ಟಿನ ಹುಡುಗನೊಬ್ಬ ಒಬ್ಬನೇ ನಿಂತು, ಮೇಲಕ್ಕೆ ಹೋಗುವ ಮೆಟ್ಟಿಲುಗಳನ್ನು ಮುಟ್ಟಲು ಕೈ ಚಾಚುತ್ತಿದ್ದ. ಗಂಡ ಅವನನ್ನು ನೋಡಿಯೂ ಮುಂದೆ ಹೋಗುತ್ತಿದ್ದನಂತೆ, ಡೇಕೇರಿನ ಒಂದು ಮಗುವಿನ ಮುಖವೂ ಅವನಿಗೆ ಗೊತ್ತಿರಲಿಲ್ಲ. ಮಗಳು ಅಪ್ಪನ ಅಂಗಿ ಜಗ್ಗಿ, ತನ್ನ ತೋಳನ್ನು ಮುಂದೆ ಚಾಚಿ ತೋರಿಸಿದಳಂತೆ. ಆ ತೋಳಿನ ಮೇಲೆ ಹಿಂದಿನ ವಾರದ ಹಲ್ಲಿನ ಗುರುತಿತ್ತು. ಅವನು ನಮ್ಮ ಮನೆಯಲ್ಲಿ ಪ್ರಸಿದ್ಧನಾಗಿದ್ದ ಕಚ್ಚುವ ಹುಡುಗ.

ಗಂಡ ಮಕ್ಕಳಿಬ್ಬರನ್ನೂ ಎತ್ತಿಕೊಂಡು ಓಡಿದ. ಡೇಕೇರಿನವರು ಆಗಲೇ ಮೆಟ್ರೋ ಕಡೆಯ ಬಾಗಿಲಲ್ಲಿ ಸಾಲು ನಿಲ್ಲಿಸಿದ್ದರು. ಟೀಚರ್ ಗಂಡನ ಮಾತನ್ನು ನಂಬಲೇ ಇಲ್ಲ. "ಈಗಷ್ಟೇ ಎಣಿಸಿದೆ, ಸರಿಯಾಗಿದೆ," ಎಂದರು. ಹುಡುಗನನ್ನು ಸಾಲಿಗೆ ಸೇರಿಸಿ ಮತ್ತೆ ಎಣಿಸಿದರೆ ಒಂದು ಮಗು ಜಾಸ್ತಿ. ಸಾಲಿನ ಕೊನೆಯಲ್ಲಿ ಯಾರದೋ ಪುಟ್ಟ ಹುಡುಗಿ ಬಲೂನ್ ಹಿಡಿದು ನಿಂತಿದ್ದಳು. ಅಂಥದೇ ಹಳದಿ ಟೀಶರ್ಟ್. ಅವಳನ್ನು ಕರೆತಂದಿದ್ದ ಇನ್ನೊಂದು ನರ್ಸರಿಯವರು ಮೇಲಿನ ಮಹಡಿಯಲ್ಲಿ ಐಸ್‌ಕ್ರೀಮ್ ಹಂಚುತ್ತಿದ್ದರು, ಅವರಿಗೂ ಏನೂ ಗೊತ್ತಾಗಿರಲಿಲ್ಲ. ದೂರದಿಂದಲೇ ಕಾಣಿಸಲಿ ಅಂತ ಎಲ್ಲರೂ ಬ್ರಾಡ್‌ವೇ ಮಾರ್ಕೆಟ್ಟಿನಿಂದ ಅದೇ ಬಣ್ಣ ತಂದಿದ್ದರು.

"ಗ್ರೂಪಲ್ಲಿ ಹಾಕ್ಬೇಡ, ಪ್ಲೀಸ್. ಏನೂ ಆಗಿಲ್ವಲ್ಲ," ಅಂದ ಗಂಡ.

ಏನೂ ಆಗಿಲ್ವಲ್ಲ! ಈ ಮಾತಿನಷ್ಟು ನನ್ನ ಪಿತ್ತ ಕೆರಳಿಸುವ ಮಾತು ಇನ್ನೊಂದಿಲ್ಲ. ಏನೂ ಆಗದೆ ಕೂದಲೆಳೆಯಲ್ಲಿ ತಪ್ಪಿಹೋದದ್ದನ್ನು ಅವತ್ತೇ ಬರೆದು ಎಲ್ಲರಿಗೂ ತಿಳಿಸುವುದು ನನ್ನ ಕೆಲಸ. ಅದಕ್ಕೇ ನನಗೆ ಸಂಬಳ ಕೊಡುತ್ತಾರೆ. ಆದರೂ ಸಂಜೆಯವರೆಗೆ ತಡೆದುಕೊಂಡೆ, ಟೀಚರ್ ತಾವೇ ಹೇಳಲಿ ಎಂದು. ಸಂಜೆ ಫೋಟೋಗಳು ಬಂದವು. "ಎಲ್ಲ ಮಕ್ಕಳೂ ಕ್ಷೇಮವಾಗಿ, ಖುಷಿಯಾಗಿ ವಾಪಸ್!" ಕೆಳಗೆ ಹೆಬ್ಬೆರಳುಗಳು. ಅವುಗಳ ನಡುವೆ ಕಚ್ಚುವ ಹುಡುಗನ ತಾಯಿಯದೂ ಒಂದು, ಜೊತೆಗೊಂದು ಕೆಂಪು ಹೃದಯ. ಅದನ್ನು ನೋಡಿ ತಡೆಯಲಾಗಲಿಲ್ಲ. ನಡೆದದ್ದನ್ನು ನಡೆದ ಹಾಗೇ ಬರೆದು ಹಾಕಿದೆ.

ಅದಕ್ಕೆ ಒಂದು ಹೆಬ್ಬೆರಳೂ ಬೀಳಲಿಲ್ಲ. ಸ್ವಲ್ಪ ಹೊತ್ತಿಗೆ ನನ್ನನ್ನು ಗ್ರೂಪಿನಿಂದ ತೆಗೆದುಹಾಕಿದರು. ಮರುದಿನ ಬೆಳಿಗ್ಗೆ ಟೀಚರ್ ಗೇಟಿನಲ್ಲೇ ಮಗಳ ಬಟ್ಟೆಯ ಚೀಲವನ್ನೂ ನೀರಿನ ಬಾಟಲಿಯನ್ನೂ ನನ್ನ ಕೈಗಿಟ್ಟರು. "ನಂಬಿಕೆ ಇಲ್ಲದ ಕಡೆ ಮಗುವನ್ನ ಬಿಡಬಾರದು ಮೋಳೇ," ಎಂದರು, ತಪ್ಪು ನಾನೇ ಮಾಡಿದ ಹಾಗೆ. ನಾನು ರಸ್ತೆಯಲ್ಲಿ ನಿಂತು, ಬರುವಷ್ಟು ಮಲಯಾಳದಲ್ಲಿ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಬಾರದ ಕಡೆ ಕನ್ನಡ ಇತ್ತು. ಮನೆಗೆ ಬಂದು ಗಂಡನಿಗೂ ಅಂದೆ. ಅವನು ತೆಪ್ಪಗೆ ರಜೆ ಮುಂದುವರಿಸಿದ.

ಅವತ್ತು ಸಂಜೆ ಆ ಹುಡುಗನ ತಾಯಿಯ ಫೋನ್ ಬಂತು. ಕಾಕ್ಕನಾಡಿನ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಆಕೆಯದು, ನನ್ನನ್ನು ಅಕ್ಕ ಎಂದೇ ಕರೆಯುತ್ತಿದ್ದಳು. ಥ್ಯಾಂಕ್ಸ್ ಹೇಳಲು ಇರಬೇಕು ಅಂದುಕೊಂಡೆ.

"ನನಗೊಬ್ಬಳಿಗೆ ಫೋನ್ ಮಾಡಬಾರದಿತ್ತಾ ಚೇಚಿ?" ಅಂದಳು. "ಅವನ ಅಪ್ಪ ಮಸ್ಕತ್‌ನಲ್ಲಿ ಕೂತು ಆ ಗ್ರೂಪ್ ನೋಡ್ತಾರೆ. ಕೆಲಸ ಬಿಟ್ಟು ಮನೆಯಲ್ಲಿ ಕೂರು ಅಂತ ನಿನ್ನೆಯಿಂದ ಒಂದೇ ಸಮ ಬೈಗುಳ."

"ತಪ್ಪು ಮಾಡಿದ್ದು ಡೇಕೇರಿನವರು. ನಿನ್ನನ್ನ ಯಾಕೆ ಬೈಬೇಕು?"

"ಬೇರೆ ಯಾರನ್ನ ಬೈತಾರೆ? ನನಗೂ ಕಳಿಸೋಕೆ ಮನಸ್ಸಿರಲಿಲ್ಲ. ನೀವು ಕೇಳಿದ ಪ್ರಶ್ನೆ ಓದಿದ್ದೆ. ನಿಮಗೆ ರಜೆ ಹಾಕೋ ಗಂಡ ಇದ್ದ, ನೀವು ಕಳಿಸಲಿಲ್ಲ. ನಾನು ಹೆಬ್ಬೆರಳು ಒತ್ತಿದೆ."

ಇವತ್ತು ಹುಡುಗ ಎಲ್ಲಿ ಎಂದು ಕೇಳಿದೆ.

"ಅಲ್ಲೇ ಬಿಟ್ಟು ಬಂದೆ. ಇನ್ನೆಲ್ಲಿ ಬಿಡಲಿ? ಬೆಳಿಗ್ಗೆ ಲ್ಯಾಬಿನ ಮಾರ್ಕರ್‌ನಿಂದ ಅವನ ಹೊಟ್ಟೆ ಮೇಲೆ ನನ್ನ ನಂಬರ್ ಬರೆದಿದೀನಿ. ಟೀಶರ್ಟ್ ಯಾವ ಬಣ್ಣದ್ದಾದ್ರೂ ಹಾಕ್ಲಿ. ಸ್ನಾನ ಮಾಡಿಸಿದ್ರೂ ಅದು ಬೇಗ ಹೋಗಲ್ಲ."

ಮುಂದಿನ ಸೋಮವಾರದಿಂದ ಗಂಡ ಇಲ್ಲಿರುವುದಿಲ್ಲ. ಎದುರಿನ ರಸ್ತೆಯಲ್ಲಿ ಇನ್ನೊಂದು ಡೇಕೇರ್ ಇತ್ತು, ಅದರ ಗೋಡೆಯ ತುಂಬ ಮಕ್ಕಳ ಟ್ರಿಪ್ಪಿನ ಫೋಟೋಗಳೇ. ಮಗಳು ಅಪ್ಪನ ತೊಡೆಯ ಮೇಲೆ ಕುಳಿತು ತನ್ನ ಅಂಗಿಯನ್ನು ಎತ್ತಿ ಹೊಕ್ಕುಳಲ್ಲಿ ಬೆರಳಾಡಿಸುತ್ತಿದ್ದಳು.

"ಆ ಮಾರ್ಕರ್ ಎಲ್ಲಿ ಸಿಗತ್ತೆ?" ಎಂದು ಫೋನಿನಲ್ಲಿ ಆಕೆಯನ್ನು ಕೇಳಿದೆ.