ಬಲಕ್ಕೆ ವಾಲಿದ ಗಾಡಿ

ನಾನು ಓದು ನಿಲ್ಲಿಸಿದ್ದು 1991ರಲ್ಲಿ, ಒಂಬತ್ತನೆಯ ತರಗತಿ ಅರ್ಧಕ್ಕೆ ಬಂದಿದ್ದಾಗ. ರಾಯಚೂರು ಕಡೆಯಿಂದ ಬಂದ ಅಪ್ಪ ಸನತ್‌ನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಆ ವರ್ಷ ಅದು ಬಾಗಿಲು ಮುಚ್ಚಿತು. ಅಣ್ಣ ಅದೇ ಬೀದಿಯಲ್ಲಿ ಚಕ್ರ, ಟೈರುಗಳ ಅಂಗಡಿ ಇಟ್ಟ. ನಾನು ಪಾಟಿಚೀಲ ಮೂಲೆಗೆಸೆದು ಅವನ ಪಕ್ಕ ನಿಂತೆ. ಅದಕ್ಕೆ ಯಾರ ಮೇಲೂ ಸಿಟ್ಟಿಲ್ಲ. ಹಳೆಯ ಗಾಡಿಗೆ ಹೊಸ ಚಕ್ರ ಕೂರಿಸಬೇಕೆಂದರೆ ಇವತ್ತಿಗೂ ಮಂದಿ ಊರಿನ ಆ ತುದಿಯಿಂದ ನನ್ನನ್ನು ಹುಡುಕಿಕೊಂಡು ಬರುತ್ತಾರೆ.

ಹೊಸ ಗಾಡಿಗೆ ಚಕ್ರ ಆರಿಸುವುದು ಸುಲಭ. ಹಳೆಯದರಲ್ಲಿ ಮೋಸವಿದೆ. ಬೋಲ್ಟಿನ ತೂತುಗಳ ಅಂತರ ಕೂದಲೆಳೆಯಷ್ಟು ತಪ್ಪಿದ್ದರೂ ನಟ್ಟು ಬಿಗಿಯಾಗುತ್ತದೆ, ಸರಿ ಕೂತಂತೆಯೇ ಕಾಣುತ್ತದೆ. ಹೈವೇಗೆ ಹೋದ ಮೇಲೆ ಸ್ಟಿಯರಿಂಗ್ ನಡುಗುತ್ತದೆ. ಚಕ್ರ ಒಳಗೆ ಜಾಸ್ತಿ ಸರಿದರೆ ಕೆಳಗಿನ ಕಬ್ಬಿಣಕ್ಕೆ ತಾಗುತ್ತದೆ, ಹೊರಗೆ ಬಂದರೆ ಮಡ್‌ಗಾರ್ಡಿನ ಅಂಚು ಟೈರನ್ನು ಕೊಯ್ಯುತ್ತದೆ. ಜಾಕ್ ಮೇಲೆ ಎತ್ತಿದ ಗಾಡಿಯಲ್ಲಿ ಇದೊಂದೂ ಗೊತ್ತಾಗುವುದಿಲ್ಲ.

ಅದಕ್ಕೇ ಅಣ್ಣ ಒಂದು ಪದ್ಧತಿ ಇಟ್ಟಿದ್ದ. ಚಕ್ರ ಹಾಕಿಸುವವರು ಮನೆಮಂದಿಯನ್ನೆಲ್ಲ ಕರೆತರಬೇಕು. ಎಲ್ಲರೂ ಗಾಡಿಯಲ್ಲಿ ಕೂತು, ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಬೀದಿಯ ಉಬ್ಬನ್ನು ಹತ್ತಿಳಿದು ಬಂದ ಮೇಲೇ ಕೆಲಸ ಮುಗಿದ ಲೆಕ್ಕ. ಗಿರಾಕಿಗಳು ನಗುತ್ತಿದ್ದರು. "ಮದುವಿ ದಿಬ್ಬಣ ಹೊರಡಿಸ್ತೀರೇನ್ರಿ?" ಅನ್ನುತ್ತಿದ್ದರು. ಅಣ್ಣನ ಉತ್ತರ ಒಂದೇ: "ಖಾಲಿ ಗಾಡಿ ಸುಳ್ಳು ಹೇಳತೈತ್ರಿ. ಮಂದಿ ಕುಂತ ಮ್ಯಾಲೆ ಖರೇ ಹೇಳತೈತಿ."

ಅಣ್ಣ ಭಾರೀ ಆಳು. ಅವನು ಕೂತರೆ ಅವನ ಹಳೆಯ ಕಾರು ನಿಟ್ಟುಸಿರು ಬಿಡುತ್ತಿತ್ತು. ದಿಲ್‌ಸುಖ್‌ನಗರದಲ್ಲಿ ಅವನ ಮನೆಯ ಗಲ್ಲಿಗೆ ಎಡಕ್ಕೆ ತಿರುಗುವಾಗ ಹಾರ್ನ್ ಹೊಡೆಯುವವನಲ್ಲ. ಖರ್ರ್ ಎಂದು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಗಲ್ಲಿಯ ಮೂಲೆಗೇ ಅಡುಗೆಮನೆಯ ಕಿಟಕಿ. ಆ ಸದ್ದು ಕೇಳಿದ ಕೂಡಲೇ ಅವನ ಹೆಂಡತಿ, ನನ್ನ ವೈನಿ, ಚಹಾಕ್ಕೆ ನೀರಿಡುತ್ತಿದ್ದರು. ಅವನು ಚಪ್ಪಲಿ ಬಿಡುವಷ್ಟರಲ್ಲಿ ಕಪ್ಪು ಕೈಗೆ ಬರಬೇಕು.

ಎದೆನೋವಿನಲ್ಲಿ ಅಣ್ಣ ಹೋದ. ಗಾಡಿ ಒಂದು ಮಳೆಗಾಲ, ಒಂದು ಚಳಿಗಾಲ ಹೊದಿಕೆಯಡಿ ನಿಂತಿತ್ತು. ಆಮೇಲೆ ಅವನ ಮಗನಿಗೆ ಶಂಶಾಬಾದಿನಲ್ಲಿ, ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಕೆಲಸ ಸಿಕ್ಕಿತು. ದಿನಾ ಅಷ್ಟು ದೂರ ಹೋಗಿಬರಲು ಹೊದಿಕೆ ತೆಗೆದ. ನನಗೆ ಹೇಳದೆಯೇ ಎಲ್ಲಿಂದಲೋ ಅಗಲದ ಅಲಾಯ್ ಚಕ್ರ ತಂದು ಹಾಕಿಸಿದ. ಯಾರು ಹಾಕಿದರೋ, ಜಾಕ್ ಮೇಲೇ ನೋಡಿ ಕೈ ಒರೆಸಿಕೊಂಡಿದ್ದರು.

ತಿಂಗಳೊಳಗೆ ಹುಡುಗ ನನ್ನ ಅಂಗಡಿಯ ಮುಂದೆ ಬಂದು ನಿಂತ.

"ಕಾಕಾ, ಅವ್ವಗ ಏನೋ ಆಗೇತ್ರಿ."

"ಏನಾಗೇತಿ?"

"ನಾ ಗಲ್ಲಿಗೆ ತಿರುಗಿದ ಕೂಡ್ಲೇ ಚಾ ಇಡ್ತಾಳ್ರಿ. ನಾ ಚಾ ಕುಡಿಯಂಗಿಲ್ಲಂತ ಆಕೀಗೆ ಗೊತ್ತೈತಿ. ಒಳಗ ಬಂದ್ರ ನನ್ನ ಹಿಂದ ನೋಡ್ತಾಳ, ಯಾರೋ ಬರೋರು ಅದಾರ ಅನ್ನೋವಂಗ. ತಿರುಗೋ ಮುಂದ ಗಾಡಿ ಒಂದು ಸಪ್ಪಳ ಮಾಡತೈತಿ, ಅದಕ್ಕ ಇರಬೇಕು."

"ಎಂಥಾ ಸಪ್ಪಳ?"

ಹುಡುಗ ತಲೆ ತಗ್ಗಿಸಿದ. "ನೀವ ಕೇಳ್ರಿ."

ನಾನೇ ಓಡಿಸಿದೆ. ಕಾರ್ಖಾನೆಗಳ ಸಾಲಿನ ಕೊನೆಯಲ್ಲಿ ಎಡಕ್ಕೆ ಜೋರಾಗಿ ತಿರುಗಿಸಿದೆ. ಖರ್ರ್.

ಬ್ರೇಕ್ ಒತ್ತಿದೆ. ಅಣ್ಣನದೇ ಗಂಟಲು, ನನ್ನ ಮೊಣಕಾಲಿನ ಹತ್ತಿರದಿಂದ.

ಗಾಡಿಯನ್ನು ಅಂಗಡಿಯ ಸಮನೆಲದ ಮೇಲೆ ನಿಲ್ಲಿಸಿ, ಹುಡುಗನನ್ನು ಬಸ್ಸಿಗೆ ಕಳಿಸಿ, ಮೊಣಕಾಲೂರಿದೆ. ಬಲಗಡೆ ಮುಂದಿನ ಟೈರಿನ ಹೆಗಲಿನಲ್ಲಿ ಅಂಚು ಕೊಯ್ದ ಗೆರೆಯಿತ್ತು. ಎಡಗಡೆಯದರಲ್ಲಿ ಏನೂ ಇಲ್ಲ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳಿಟ್ಟು ನೋಡಿದೆ. ಎಡಕ್ಕೆ ಮೂರು ಬೆರಳು ಹಿಡಿಯಿತು, ಬಲಕ್ಕೆ ಒಂದೇ. ಒಳಗೆ ಯಾರೂ ಇರಲಿಲ್ಲ. ಆದರೂ ಗಾಡಿ ಡ್ರೈವರ್ ಸೀಟಿನಲ್ಲಿ ಯಾರೋ ಕೂತಂತೆ ನಿಂತಿತ್ತು.

ಎಷ್ಟೋ ವರ್ಷ ಅಣ್ಣನ ಭಾರ ಹೊತ್ತ ಆ ಬದಿಯ ಸ್ಪ್ರಿಂಗ್ ಕುಗ್ಗಿ, ಅಲ್ಲೇ ನಿಂತುಬಿಟ್ಟಿತ್ತು. ಮೊದಲಿನ ಕಬ್ಬಿಣದ ಚಕ್ರಗಳು ಸಣ್ಣವಾದ್ದರಿಂದ ತಾಗುತ್ತಿರಲಿಲ್ಲ. ಈ ಅಗಲದವು, ಎಡಕ್ಕೆ ತಿರುಗುವಾಗ ಗಾಡಿ ಇನ್ನಷ್ಟು ಬಲಕ್ಕೆ ವಾಲಿದರೆ, ತಾಗಿ ಖರ್ರ್ ಅನ್ನುತ್ತಿದ್ದವು.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ ಒಬ್ಬನೇ ಕೂತಿದ್ದೆ. ಗಾಡಿಯ ಬಲಗಡೆ ಕಿರ್ರೆಂದಿತು. ಬಿಸಿ ಕಬ್ಬಿಣ ತಣ್ಣಗಾಗುವಾಗ ಹಾಗೆ ಸದ್ದು ಬರುತ್ತದೆ, ಬದುಕಿಡೀ ಕೇಳಿದ್ದೇನೆ. ಆದರೂ ರೊಟ್ಟಿ ಕೆಳಗಿಟ್ಟು ಎದ್ದು ನಿಂತೆ. ಅಣ್ಣ ಗಾಡಿಯಿಂದ ಇಳಿಯುವಾಗ ಎದ್ದು ನಿಲ್ಲುವುದು ನನ್ನ ರೂಢಿ.

ಎರಡು ಹೊಸ ಸ್ಪ್ರಿಂಗ್ ತರಿಸಿದೆ. ಅವನ್ನು ಹಾಕಿದರೆ ಗಾಡಿ ಸಮ ನಿಲ್ಲುತ್ತದೆ, ಹುಡುಗನ ಚಕ್ರಗಳೂ ಉಳಿಯುತ್ತವೆ. ಸ್ಪ್ರಿಂಗಿನ ಡಬ್ಬಿ ಇನ್ನೇನು ಒಡೆಯಬೇಕು, ಅಷ್ಟರಲ್ಲಿ ಅವನು ತಾಯಿಯನ್ನು ಕರೆದುಕೊಂಡು ಬಂದ. ವೈನಿ ಗಾಡಿಯ ಮುಂದೆ ನಿಂತು, ನಾನು ಬೆರಳಿಟ್ಟು ತೋರಿಸಿದ್ದನ್ನೆಲ್ಲ ನೋಡಿದರು.

"ಅಂದ್ರ ಈ ಓರೆ ಅವರದ?"

"ಹೌದ್ರಿ ವೈನಿ. ಹೊಸಾ ಸ್ಪ್ರಿಂಗ್ ಹಾಕಿದ್ರ ಹೋಗತೈತಿ."

"ಹೋಗತೈತಿ," ಎಂದು ನನ್ನ ಮಾತನ್ನೇ ಹೇಳಿದರು. "ಅಂಗಿ ಕೊಟ್ಟೀನಿ. ಹಾಸಿಗಿ ಕೊಟ್ಟೀನಿ. ಕನ್ನಡಕ ಸುದ್ದಾ ಯಾರೋ ಕೇಳಿದ್ರಂತ ಕೊಟ್ಟೀನಿ. ಅವರು ಕುಂತ ಗುರ್ತು ಇದೊಂದ ಉಳದೈತಿ. ಗಾಲಿ ಯಾವುದರ ಹಾಕು ತಮ್ಮಾ. ಅವರನ್ನ ಎಬ್ಬಿಸಬ್ಯಾಡ."

"ಅವ್ವಾ, ಅದು ಸ್ಪ್ರಿಂಗ್ ಬೇ!" ಎಂದ ಮಗ.

"ನಿನಗ ಸ್ಪ್ರಿಂಗ್. ಸುಮ್ಮನಿರು."

ನನ್ನ ಕೈಯಿಂದ ಓರೆ ಗಾಡಿ ಒಂದೂ ಹೊರಗೆ ಹೋದದ್ದಿಲ್ಲ. ಆ ಹೆಮ್ಮೆ ನನಗಿದೆ. ಆದರೆ ವೈನಿಯ ಮುಂದೆ ಹೊಸ ಸ್ಪ್ರಿಂಗಿಗೆಂದು ನಟ್ಟು ಬಿಚ್ಚುವ ಪಾನಾ ಎತ್ತಲು ಕೈ ಬರಲಿಲ್ಲ. ಹಾಗಂತ ಸುಮ್ಮನೆ ಬಿಡುವಂತೆಯೂ ಇರಲಿಲ್ಲ, ಹುಡುಗ ದಿನಾ ಹೈವೇಯಲ್ಲಿ ಓಡಾಡುವವನು. ಬಲಗಡೆಯ ಸ್ಪ್ರಿಂಗನ್ನು ಬಿಚ್ಚಿ, ತಂತಿಯ ಬ್ರಷ್ಷಿನಿಂದ ತಿಕ್ಕಿ, ಬಿಸಿಲಿಗೆ ಹಿಡಿದು ಸುತ್ತು ಸುತ್ತಾಗಿ ಬಿರುಕು ಹುಡುಕಿದೆ. ಇರಲಿಲ್ಲ. ಮುರಿದಿರಲಿಲ್ಲ, ದಣಿದಿತ್ತು ಅಷ್ಟೆ. ಅದನ್ನೇ ಮತ್ತೆ ಕೂರಿಸಿದೆ.

ಮೊದಲಿನ ಚಕ್ರಗಳನ್ನು ಹುಡುಗ ಆಗಲೇ ಗುಜರಿಗೆ ಹಾಕಿದ್ದ. ಇನ್ನು ಆ ಓರೆಗೇ ಹೊಂದುವ ಚಕ್ರ ಹುಡುಕಬೇಕು. ಅಗಲ ಕಡಿಮೆ ಇರಬೇಕು, ಒಂದಿಷ್ಟು ಒಳಗೆ ಕೂರಬೇಕು, ಬೋಲ್ಟಿನ ಅಂತರ ತಪ್ಪಬಾರದು. ಹಳೆಯ ಗಾಡಿ ಬಿಚ್ಚಿ ಮಾರುವ ಬೀದಿಗಳಲ್ಲಿ ವಾರವಾರವೂ ಅಲೆದೆ. ಕೊನೆಗೆ ಧೂಳಿನಡಿ ನಾಲ್ಕು ಸಿಕ್ಕವು. ನಡುವಿನ ತೂತು ಮಾತ್ರ ತುಸು ದೊಡ್ಡದಿತ್ತು; ಎದುರಿನ ಲೇತ್‌ನವನಿಂದ ಉಂಗುರ ಮಾಡಿಸಿ ಬಿಗಿ ಮಾಡಿದೆ.

"ಸಣ್ಣು ಕಾಣ್ತಾವಲ್ರಿ ಕಾಕಾ. ದೋಸ್ತರು ನಗ್ತಾರ."

"ನಗಲಿ. ಟೈರ್ ಹರಿದ್ರ ಬಂದು ನೂಕ್ತಾರೇನ ನಿನ್ನ ದೋಸ್ತರು?"

ಅಣ್ಣನ ಪದ್ಧತಿಯಂತೆ ಎಲ್ಲರೂ ಸೇರಿದೆವು. ಗಾಲಿಗಳ ಕೆಳಗೆ ವೈನಿ ನಿಂಬೆಹಣ್ಣಿಟ್ಟರು. ಹುಡುಗ ಓಡಿಸಿದ, ಅವನ ಪಕ್ಕ ವೈನಿ, ಹಿಂದೆ ನಾನು. ಉಬ್ಬು ಹತ್ತಿಳಿದೆವು, ಎಲ್ಲೂ ತಾಗಲಿಲ್ಲ. ಅಲ್ಲಿಂದ ನೇರ ದಿಲ್‌ಸುಖ್‌ನಗರಕ್ಕೆ ಹೊರಟೆವು. ಗಲ್ಲಿಯ ಮೂಲೆ ಬಂತು. ವೈನಿ ಸೆರಗಿನ ತುದಿ ಹಿಡಿದುಕೊಂಡರು. ಗಾಡಿ ಎಡಕ್ಕೆ ತಿರುಗಿತು.

ಸದ್ದಿಲ್ಲ.

ಮನೆಯ ಮುಂದೆ ನಿಂತ ಮೇಲೂ ವೈನಿ ಇಳಿಯಲಿಲ್ಲ. "ಎಲ್ಲಿ ಇಳದ್ರು?" ಎಂದರು, ಮೆಲ್ಲಗೆ. "ದಾರ್ಯಾಗ ಎಲ್ಲರ ಇಳದ್ರೇನು?"

ಕೆಲಸ ಸರಿ ಮಾಡಿದ್ದೆ. ಸರಿ ಮಾಡಿದ್ದಕ್ಕೇ ಆ ಸದ್ದು ಹೋಗಿತ್ತು. ಬಾಗಿಲು ತೆರೆದು ಅವರನ್ನು ಇಳಿಸಿ, ಹುಡುಗನನ್ನೂ ಇಳಿಯಲು ಹೇಳಿದೆ. ಖಾಲಿ ಗಾಡಿಯ ಎಡಗಡೆ, ಟೈರಿನ ಮೇಲಿನ ಸಂದಿಯಲ್ಲಿ ವೈನಿಯ ಕೈ ಇಡಿಸಿದೆ. ಮೂರು ಬೆರಳು ಹೋದವು. ಬಲಗಡೆಗೆ ಕರೆದುಕೊಂಡು ಹೋದೆ. ಅಲ್ಲಿ ಅವರೇ ಕೈ ಚಾಚಿದರು. ಒಂದು ಬೆರಳು ಹೋಗಿ ನಿಂತಿತು.

"ಇಲ್ಲೇ ಕುಂತಾನ್ರಿ ವೈನಿ," ಎಂದೆ.

ಆ ಬೆರಳಿನಿಂದಲೇ ಮಡ್‌ಗಾರ್ಡಿನ ಅಂಚು ಸವರಿದರು. ಆಮೇಲೆ ಒಳಗೆ ಹೋಗಿ ಚಹಾ ತಂದರು, ಮೂರು ಕಪ್ಪು. ಅವರೊಂದು ಕುಡಿದರು, ನಾನೊಂದು ಕುಡಿದೆ. ಮೂರನೆಯದರ ಮೇಲೆ ಕೆನೆ ಕಟ್ಟಿತು. ಯಾರೂ ಎತ್ತಲಿಲ್ಲ.

ಈಗಲೂ ಆ ಗಾಡಿ ಅಂಗಡಿಗೆ ಬರುತ್ತದೆ. ಎದ್ದು ನಿಲ್ಲುತ್ತೇನೆ. ಮೊದಲು ಬಲಗಡೆ ಬೆರಳಿಡುತ್ತೇನೆ, ಬಿರುಕು ನೋಡುತ್ತೇನೆ, ಆಮೇಲೆ ಉಳಿದದ್ದು.

ಸದ್ಯ ನನ್ನ ಹತ್ತಿರ ಇರುವುದು ಇಷ್ಟು: ಒಂದು ಅಂಗಡಿ, ಎರಡು ಜಾಕ್, ಹುಡುಗ ಬಿಟ್ಟುಹೋದ ನಾಲ್ಕು ಅಗಲದ ಚಕ್ರ, ಡಬ್ಬಿ ಒಡೆಯದ ಎರಡು ಸ್ಪ್ರಿಂಗ್.