ಹೊಳೆಯಾಚೆಯ ಎರಡು ಕೋಣೆ

ಪುಣೆಯಲ್ಲಿ ನನ್ನನ್ನು ನಾಲ್ಕು ಸಲ ಮನೆ ಬಿಡಿಸಿದ್ದಾರೆ. ನಾಲ್ಕು ಸಲವೂ ಬಹಳ ಮರ್ಯಾದೆಯಿಂದಲೇ ಬಿಡಿಸಿದರು. ಕಡೆಯ ಸಲವಂತೂ ಹೋಳಿ ಹುಣ್ಣಿಮೆಯ ದಿನ. ನಾನು ಬಾಡಿಗೆಗಿದ್ದ ದೊಡ್ಡ ವಾಡೆಯ ಒಡತಿ ನನ್ನನ್ನು ಕೆಳಗೆ ಕರೆದು, ಎಲೆ ಹಾಕಿ, ಎರಡು ಹೋಳಿಗೆ ಬಡಿಸಿ, ಮೇಲೆ ಧಾರಾಳವಾಗಿ ತುಪ್ಪ ಸುರಿದು, ನಾನು ಎರಡನೆಯದನ್ನು ಮುಗಿಸುವ ತನಕ ಕಾದಳು. ಆಮೇಲೆ ಮೆಲ್ಲಗೆ ಮರಾಠಿಯಲ್ಲಿ, "ಬಾಯಿ, ಖೋಲಿ ರಿಕಾಮಿ ಕರಾ" ಎಂದಳು. ಕೋಣೆ ಖಾಲಿ ಮಾಡಿ ಎಂದು. ಕಿರಿಯ ಮಗನ ಮದುವೆ ನಿಶ್ಚಯವಾಗಿತ್ತಂತೆ. ದಸರೆಯ ಒಳಗೆ ಬಿಟ್ಟರೆ ಸಾಕು, ಅವಸರವೇನಿಲ್ಲ ಎಂದಳು. ಹೇಳುವಾಗ ನನ್ನ ಬರಿಹಣೆಯ ಕಡೆ ಒಮ್ಮೆ ನೋಡಿ, ಕೂಡಲೇ ಎಲೆಯ ಕಡೆ ಕಣ್ಣು ಇಳಿಸಿದಳು. ಹೊಸ ಸೊಸೆ ಬೆಳಗ್ಗೆ ಬಾಗಿಲು ತೆಗೆದರೆ ಮೆಟ್ಟಿಲಿಳಿದು ಶಾಲೆಗೆ ಹೊರಟ ವಿಧವೆಯ ಮುಖ ಕಾಣಬಾರದಲ್ಲ! ನನಗೂ ಕಣ್ಣಿದೆ, ಬುದ್ಧಿಯಿದೆ. ಕೈ ತೊಳೆದುಕೊಂಡು ಮೇಲೆ ಬಂದೆ.

ನಾನಾಗ ನಲವತ್ತರ ಹತ್ತಿರದವಳು. ಹೆಣ್ಣುಮಕ್ಕಳ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಿಣಿ. ಎಂಟನೆಯ ವರ್ಷಕ್ಕೆ ಧಾರವಾಡದಲ್ಲಿ ನನ್ನ ಮದುವೆಯಾಗಿ, ಹನ್ನೊಂದನೆಯ ವರ್ಷಕ್ಕೆ ಎಲ್ಲ ಮುಗಿದಿತ್ತು. ಗಂಡನ ಮನೆಯ ಹೊಸ್ತಿಲನ್ನೇ ನಾನು ತುಳಿದಿರಲಿಲ್ಲ. ಅವನ ಮುಖವೂ ನೆನಪಿಲ್ಲ. ಮನೆಯ ಹಿರಿಯರೆಲ್ಲ ನನ್ನನ್ನು ಅಡಿಗೆಮನೆಯ ಮೂಲೆಗೆ ಹಾಕಬೇಕೆಂದಿದ್ದಾಗ, ನನಗಿಂತ ಹತ್ತು ವರ್ಷ ದೊಡ್ಡವನಾದ ಅಣ್ಣ ಅವರ ಕಣ್ಣೆದುರಿಗೇ ನನ್ನ ಕೈ ಹಿಡಿದು ರೈಲು ಹತ್ತಿಸಿ ಪುಣೆಗೆ ಕರೆತಂದು ಶಾಲೆಗೆ ಸೇರಿಸಿದ. ಆ ತಪ್ಪಿಗೆ ಅಪ್ಪ ಅವನೊಡನೆ ಎರಡು ವರ್ಷ ಮಾತಾಡಲಿಲ್ಲ. ನಾನು ಓದಿ ನೌಕರಿ ಹಿಡಿದ ಹೊತ್ತಿಗೆ ಅಪ್ಪ ಅವ್ವ ಇಬ್ಬರೂ ಹೋಗಿದ್ದರು. ಲೋಕದಲ್ಲಿ ನನಗೆ ನನ್ನವನು ಎಂದು ಉಳಿದವನು ಅಣ್ಣನೊಬ್ಬ.

ಹೋಳಿಗೆ ಅರಗುವ ಮೊದಲೇ ನಾನೊಂದು ನಿಶ್ಚಯ ಮಾಡಿದೆ. ಇನ್ನೊಬ್ಬರು ನನಗೆ ಖಾಲಿ ಮಾಡು ಎನ್ನಬಾರದು. ಅಂಥ ಒಂದು ಬಾಗಿಲು ಬೇಕು, ಚಿಕ್ಕದಾದರೂ ಚಿಂತೆಯಿಲ್ಲ. ಹದಿನೇಳು ವರ್ಷದ ಸಂಬಳದಲ್ಲಿ ಉಳಿಸಿದ್ದು ಪೋಸ್ಟಿನಲ್ಲಿತ್ತು. ಎರಡು ಹೊತ್ತಿನ ಊಟಕ್ಕೆ, ಎರಡು ಬಿಳಿ ಸೀರೆಗೆ ಎಷ್ಟು ಖರ್ಚಾದೀತು?

ಮನೆ ಕೊಳ್ಳುವುದು ಹೇಗೆಂದು ನನಗೆ ಹೇಳಿಕೊಡುವವರು ಯಾರೂ ಇರಲಿಲ್ಲ. ಶಾಲೆಯಲ್ಲಿ ಕೇಳಿದರೆ, "ಒಬ್ಬಳಿಗೆ ಮನೆ ಯಾಕೆ?" ಎನ್ನುವರು. ಕೊನೆಗೆ ಒಬ್ಬ ದಲಾಲನನ್ನು ಹಿಡಿದೆ. ಅವನು ಮೊದಲು ತೋರಿಸಿದ್ದು ಪೇಟೆಯ ನಡುವಿನ ಹಳೆಯ ವಾಡೆಯೊಂದರಲ್ಲಿ ಎರಡು ಕೋಣೆ. ಅಣ್ಣತಮ್ಮಂದಿರು ಪಾಲು ಮಾಡಿಕೊಂಡು ಒಬ್ಬ ತನ್ನ ಪಾಲು ಮಾರುವವನಿದ್ದ. ಗೋಡೆ ಗಟ್ಟಿ, ಶಾಲೆ ಹತ್ತಿರ, ಬೆಲೆ ಕಡಿಮೆ. ನಾನು ಆಗಲೇ ಮನಸ್ಸಿನಲ್ಲಿ ಪಾತ್ರೆ ಜೋಡಿಸತೊಡಗಿದ್ದೆ. ನೀರಿಗೆ ಹೋಗುವ ದಾರಿ ಯಾವುದೆಂದು ಕೇಳಿದಾಗ ನಿಜ ಹೊರಬಿತ್ತು. ಬಾವಿಗೆ ಹೋಗಬೇಕಾದರೆ ಇನ್ನೊಬ್ಬ ತಮ್ಮನ ಅಡಿಗೆಮನೆಯನ್ನು ದಾಟಬೇಕು. ಅವನ ಹೆಂಡತಿ ಸೌಟು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಮಡಿಯ ಹೊತ್ತಿನಲ್ಲಿ ದಾಟಗೊಡುತ್ತೀರಾ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಆ ಸೌಟೇ ಉತ್ತರ ಹೇಳುತ್ತಿತ್ತು.

ಎರಡನೆಯ ಸಲ ದಲಾಲ ಟಾಂಗಾದಲ್ಲಿ ಊರ ಹೊರಗಿನ ಹಡಪಸರದ ಕಡೆ ಕರೆದೊಯ್ದ. ಕಬ್ಬಿನ ಗದ್ದೆಗಳ ಅಂಚಿನಲ್ಲಿ ನಾಲ್ಕು ಕಲ್ಲು ನೆಟ್ಟು, ಇದು ನಿಮ್ಮ ಪಡಸಾಲೆ, ಇದು ನಿಮ್ಮ ದೇವರಮನೆ ಎಂದು ಗಾಳಿಯಲ್ಲಿ ಕೈಯಾಡಿಸಿದ. ಇನ್ನು ಹತ್ತು ವರ್ಷಕ್ಕೆ ಪುಣೆ ಇಲ್ಲಿಯ ತನಕ ಬರುತ್ತದೆ, ಆಗ ಬೆಲೆ ಎಷ್ಟಾಗುತ್ತದೋ ನೋಡಿ ಎಂದ. "ಅಲ್ಲಿಯ ತನಕ ನಾನು ನರಿಗಳಿಗೆ ಪಾಠ ಹೇಳಲೇ?" ಎಂದು ಕೇಳಿದೆ. ಪಾಪ, ಅವನಿಗೆ ನಗು ಬರಲಿಲ್ಲ. ಬರುವಾಗ ದಾರಿಯುದ್ದಕ್ಕೂ ಕುದುರೆಯೊಡನೆಯೇ ಮಾತಾಡಿದ.

ಮೂರನೆಯದು ಹೊಳೆಯಾಚೆ. ಪ್ಲೇಗಿನ ವರ್ಷಗಳಲ್ಲಿ ಪೇಟೆಯ ಜನ ಓಡಿಹೋಗಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಹೊಲಗಳಲ್ಲಿ ಈಗ ಅಲ್ಲೊಂದು ಇಲ್ಲೊಂದು ಮನೆ ಎದ್ದಿತ್ತು. ಪೆನ್ಶನ್ ಪಡೆದ ಗೃಹಸ್ಥರೊಬ್ಬರು ನಾಗಪುರದ ಮಗನ ಬಳಿ ಹೋಗಿ ಇರಲೆಂದು ತಮ್ಮ ಪುಟ್ಟ ಮನೆಯನ್ನು ಮಾರುವವರಿದ್ದರು. ಎರಡು ಕೋಣೆ, ಹಿಂದೆ ಅಡಿಗೆಮನೆ, ಮೇಲೆ ಮಂಗಳೂರು ಹೆಂಚು, ಹಿತ್ತಲಲ್ಲಿ ಸ್ವಂತದ್ದೊಂದು ಬಾವಿ. ನಾನು ಬಾವಿಯಲ್ಲಿ ಬಗ್ಗಿ ನೋಡಿದೆ. ಬೇಸಿಗೆಯಲ್ಲೂ ನೀರಿತ್ತು. ಯಾರ ಅಡಿಗೆಮನೆಯನ್ನೂ ದಾಟದೆ, ಯಾರ ಸರದಿಯನ್ನೂ ಕಾಯದೆ, ನನ್ನದೇ ಹಗ್ಗದಿಂದ ಒಂದು ಕೊಡ ಸೇದುವೆ ಎಂದುಕೊಂಡಾಗ ಕಣ್ಣಲ್ಲಿ ನೀರೇ ಬಂತು. ಆ ಗೃಹಸ್ಥರು, "ನಿಮ್ಮ ಕಡೆಯ ಗಂಡಸರು ಯಾವಾಗ ಬರುತ್ತಾರೆ?" ಎಂದರು. ನಾನೇ ಬಂದಿದ್ದೇನಲ್ಲ ಎಂದೆ. ಮುಂದೆ ಅವರು ಬೆಲೆಯ ಮಾತನ್ನೆಲ್ಲ ಗೋಡೆಯ ಗೂಟದ ಮೇಲಿದ್ದ ತಮ್ಮ ರುಮಾಲಿಗೇ ಹೇಳಿದರು. ಬೇಸಿಗೆ ರಜೆ ಮುಗಿಸಿ ಬಂದು ತಿಳಿಸುತ್ತೇನೆಂದು ನಾನೂ ರುಮಾಲಿಗೇ ಹೇಳಿ ಬಂದೆ.

ಮೇ ತಿಂಗಳಲ್ಲಿ ಎಂದಿನಂತೆ ಧಾರವಾಡಕ್ಕೆ ಅಣ್ಣನ ಮನೆಗೆ ಹೋಗಿ, ಪ್ರತಿ ಸಲ ನಾನಿರುತ್ತಿದ್ದ ಮೂಲೆಯ ಕೋಣೆಯಲ್ಲಿ ಚೀಲ ಇಟ್ಟೆ. ಮಧ್ಯಾಹ್ನದ ಊಟವಾಗಿ ಅಣ್ಣ ಪಡಸಾಲೆಯಲ್ಲಿ ಅಡಿಕೆ ಕತ್ತರಿಸುತ್ತ ಕೂತಿದ್ದಾಗ ವಿಷಯ ಎತ್ತಿದೆ.

"ಪುಣೇದಾಗ ಮನಿ?" ಅಡಕೊತ್ತು ನಿಂತಿತು. "ಯಾಕ, ಇದು ಯಾರ ಮನಿ?"

"ಹಂಗಲ್ಲ ಅಣ್ಣಾ. ಬಾಡಿಗಿ ಖೋಲ್ಯಾಗ ಎಷ್ಟಂತ ಇರಲಿ? ನಾಕ ಸರತೆ ಬಿಡಿಸಿದ್ರು."

"ಇನ್ನ ಹದಿನೈದ ವರ್ಷದ ಮಾತು. ನೌಕರಿ ಮುಗದ ಮ್ಯಾಲ ಇಲ್ಲೇ ಬಂದು ಇರೋಕಿ ನೀ. ಒಂದ್ ಕೆಲಸಾ ಮಾಡೋಣ. ಈ ಮಾಳಗಿ ಮ್ಯಾಲ ನಿನಗಂತ ಒಂದ್ ಖೋಲಿ ಎತ್ತಸ್ತೀನಿ. ನಿನ್ನ ರೊಕ್ಕಾ ಅದಕ್ಕ ಹಾಕು, ಕಡಿಮಿ ಬಿದ್ದದ್ದು ನಾ ನೋಡ್ಕೋತೀನಿ. ಭಾಳ ಛಲೋ ಗಾಳಿ ಬರ್ತದ ಅಲ್ಲಿ." ಆಮೇಲೆ ಧ್ವನಿ ಇಳಿಸಿ ಹೇಳಿದ: "ಅಣ್ಣ ಇದ್ದೂ ತಂಗಿ ಪರಊರಾಗ ಮನಿ ಮಾಡಿದ್ಲು ಅಂದ್ರ ಮಂದಿ ನನಗ ಏನಂತಾರ, ನೀನ ಹೇಳು."

ನಾನು ಏನೂ ಹೇಳಲಿಲ್ಲ. ಹೇಳಲು ಬೇಕಾದಷ್ಟಿತ್ತು. ಅಣ್ಣ ಇರುವ ತನಕ ಅದು ನನ್ನ ಮನೆ, ನಿಜ. ನಾಳೆ ಅವನ ಮಗನಿಗೆ ಮದುವೆಯಾಗಿ ಬರುವ ಹುಡುಗಿ ಮೇಲಿನ ಕೋಣೆಯ ಅತ್ತೆಯನ್ನು ಯಾವ ಕಣ್ಣಿನಿಂದ ನೋಡುತ್ತಾಳೋ ಯಾರಿಗೆ ಗೊತ್ತು? ಸೊಸೆ ಬರುವಾಗ ಕೋಣೆ ಖಾಲಿಯಾಗುವುದು ಪುಣೆಯ ವಾಡೆಗಳಲ್ಲಿ ಮಾತ್ರವೇ? ಇದನ್ನೆಲ್ಲ ಅವನ ಮುಖಕ್ಕೆ ಹೇಳುವುದು ನನ್ನಿಂದಾಗಲಿಲ್ಲ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಹಿರಿಯರ ಎದುರು ಇಲ್ಲ ಎಂದದ್ದೇ ಇಲ್ಲ. ಸುಮ್ಮನಿದ್ದರೆ ಹೂಂ ಎಂದೇ ಅರ್ಥ. ಅಜ್ಜಿಯ ಕಾಲದಿಂದಲೂ ಹಾಗೆಯೇ ನಡೆದು ಬಂದಿದೆ. ಅದು ಚೆನ್ನಾಗಿ ಗೊತ್ತಿದ್ದೂ ನಾನು ಸುಮ್ಮನಿದ್ದೆ. ಮಕ್ಕಳಿಗೆ ದಿನವೂ ಬಾಯಿಬಿಟ್ಟು ಉತ್ತರ ಹೇಳಿರೆಂದು ಗದರಿಸುವ ಮಾಸ್ತರಿಣಿ ನಾನು! ನನ್ನ ತಪ್ಪು ಅಲ್ಲಿಯೇ ಆಯಿತು.

ಜೂನಿನಲ್ಲಿ ಪುಣೆಗೆ ಬಂದ ಮೊದಲ ವಾರದಲ್ಲೇ ಹೊಳೆಯಾಚೆಯ ಮನೆಗೆ ಮುಂಗಡ ಕೊಟ್ಟೆ. ಕಾಗದ ಮಾಡಿಸುವಾಗ ಕಾರಕೂನ ನನ್ನ ಹೆಸರಿಗೆ ಗಂಡನ ಹೆಸರು ಜೋಡಿಸದೆ ಬಿಡಲೊಲ್ಲ. ಬರೆಸಿದೆ. ನನ್ನೊಡನೆ ಒಂದು ದಿನವೂ ಬಾಳದವನು ನನ್ನ ಮನೆಯ ಪತ್ರದಲ್ಲಿ ಹೀಗೆ ಬಂದು ಕೂತ. ಎಲ್ಲ ಮುಗಿದ ಮೇಲೆ ಅಣ್ಣನಿಗೆ ಪತ್ರ ಬರೆದೆ. ನಾಲ್ಕು ಸಲ ಹರಿದು ಐದನೆಯದನ್ನು ಹಾಕಿದೆ. ವಾಸ್ತುಶಾಂತಿಗೆ ದಂಪತಿಗಳೇ ಕೂಡಬೇಕು ಎನ್ನುತ್ತಾರೆ ಪುರೋಹಿತರು. ನೀನೂ ವೈನಿಯೂ ಬಂದು ಕೂತರೆ ಮಾತ್ರ ನಾನು ಆ ಮನೆಯೊಳಗೆ ಕಾಲಿಡುವೆ ಎಂದು ಬರೆದಿದ್ದೆ. ಅಣ್ಣನ ಹೆಂಡತಿಯನ್ನು ನಾವು ವೈನಿ ಎಂದೇ ಕರೆಯುವುದು.

ಉತ್ತರಕ್ಕೆ ಹದಿನೆಂಟು ದಿನ ಕಾದೆ. ಬಂದದ್ದು ಮೂರೇ ಸಾಲು. "ಬಹಳ ಸಂತೋಷವಾಯಿತು. ಶ್ರಾವಣದಲ್ಲಿ ಇಬ್ಬರೂ ಬರುತ್ತೇವೆ. ಮೇಲಿನ ಕೋಣೆಗೆಂದು ತಂದಿದ್ದ ಸಾಗವಾನಿ ತೊಲೆಗಳನ್ನು ಮಾರಿಬಿಟ್ಟೆ."

ತೊಲೆಗಳನ್ನು ತಂದಿದ್ದನೆಂದು ನನಗೆ ಆಗಲೇ ತಿಳಿದದ್ದು. ಆ ಕಾಗದವನ್ನು ಎರಡನೆಯ ಸಲ ಓದಲಾಗಲಿಲ್ಲ. ಅವನು ಬೈದಿದ್ದರೆ ಚೆನ್ನಾಗಿತ್ತು.

ಶ್ರಾವಣದ ಒಂದು ಬೆಳಗ್ಗೆ ಸ್ಟೇಶನ್ನಿಗೆ ಹೋಗಿ ನಿಂತೆ. ಅಣ್ಣ, ವೈನಿ ಇಳಿದರು. ಹಿಂದಿನಿಂದ ಹಮಾಲರು ಗೋಣಿತಟ್ಟು ಸುತ್ತಿ ಹೊಲಿದ ಮೂರು ಗಂಟುಗಳನ್ನೂ ಒಂದು ಮರದ ಪೆಟ್ಟಿಗೆಯನ್ನೂ ಇಳಿಸಿದರು. ನನಗೆ ಎಲ್ಲಿಲ್ಲದ ಹಿಗ್ಗು. ಇಷ್ಟು ಸಾಮಾನು ತಂದಿದ್ದಾರೆಂದರೆ ತಿಂಗಳಾದರೂ ಇರುತ್ತಾರೆ, ಅಣ್ಣನ ಸಿಟ್ಟು ಇಳಿದಿದೆ ಎಂದುಕೊಂಡೆ. ಟಾಂಗಾದಲ್ಲಿ ಸೇತುವೆ ದಾಟುವಾಗ ಅದು ಇದು ತೋರಿಸುತ್ತ ಚಿಕ್ಕ ಹುಡುಗಿಯ ಹಾಗೆ ಬಡಬಡಿಸಿದೆ. ಅಣ್ಣ ಎಲ್ಲದಕ್ಕೂ, "ಛಲೋ ಅದ, ಛಲೋ ಅದ" ಎಂದ.

ಮರುದಿನ ಶಾಂತಿಯಾಯಿತು. ಅಣ್ಣ ವೈನಿ ಮಣೆಯ ಮೇಲೆ ಕೂತರು. ನಾನು ಅಡಿಗೆಮನೆಯ ಬಾಗಿಲ ಹಿಂದೆ ನಿಂತು ಮಂತ್ರ ಕೇಳಿದೆ. ಅದರ ಬಗ್ಗೆ ನನಗೆ ದೂರೇನಿಲ್ಲ. ಹೊಗೆಗೆ ಕಣ್ಣುರಿಯಿತು, ಅಷ್ಟೆ. ಬಂದವರು ನಾಲ್ಕೈದು ಜನ. ಉಂಡು, ಬಾವಿ ನೋಡಿ, ಮನೆಯ ಯಜಮಾನರೆಂದು ಅಣ್ಣನಿಗೆ ನಮಸ್ಕಾರ ಮಾಡಿ ಹೋದರು. ಅವನು ಪ್ರತಿಯೊಬ್ಬರಿಗೂ, "ಮನಿ ನಂದಲ್ರಿ, ನಮ್ಮ ತಂಗೀದು" ಎಂದು ತಿದ್ದಿ ಹೇಳಿದ. ಆ ಮಾತು ಅವನ ಬಾಯಲ್ಲಿ ಕೇಳಲು ನನಗೆ ಹೆಮ್ಮೆಯಾಯಿತು. ಜತೆಗೇ ಏನೋ ಚುಚ್ಚಿತು.

ಎಲ್ಲರೂ ಹೋದ ಮೇಲೆ ವೈನಿ ಗಂಟುಗಳನ್ನು ಬಿಚ್ಚಲು ಕೂತಳು. ಮೊದಲನೆಯದರಲ್ಲಿ ಅವ್ವ ಹೊಲಿದ ಕೌದಿ. ಧಾರವಾಡಕ್ಕೆ ಹೋದಾಗಲೆಲ್ಲ ನಾನು ಹೊದೆಯುತ್ತಿದ್ದದ್ದು. ಎರಡನೆಯದರಲ್ಲಿ ನನ್ನ ಮಣೆ. ಮೂರನೆಯದರಲ್ಲಿ ನನ್ನ ತಾಟು, ನನ್ನ ನೀರಿನ ಚರಿಗೆ, ಅವ್ವ ನನಗೆಂದು ತೆಗೆದಿಟ್ಟಿದ್ದ ತಾಮ್ರದ ಪಾತ್ರೆಗಳು. ಪೆಟ್ಟಿಗೆಯಲ್ಲಿ ನನ್ನ ಹಳೆಯ ಪುಸ್ತಕ, ಪಾಟಿ, ಮೂಲೆಯ ಕೋಣೆಯಲ್ಲಿ ನಾನು ಬಿಟ್ಟು ಬರುತ್ತಿದ್ದ ಎರಡು ಸೀರೆ. ವೈನಿ ಒಂದೊಂದನ್ನೂ ಸೆರಗಿನಿಂದ ಒರೆಸಿ ನನ್ನ ಮುಂದೆ ಇಟ್ಟಳು. ತಾಟನ್ನು ಹುಣಸೆಹಣ್ಣು ಹಚ್ಚಿ ಬೆಳಗಿ ತಂದಿದ್ದಳು.

"ನಿಮ್ಮ ತಾಟಿನ್ಯಾಗ ಮತ್ಯಾರೂ ಉಣ್ಣಂಗಿಲ್ಲ," ಎಂದಳು. "ಸುಮ್ನ ಅಲ್ಲ್ಯಾಕ ಇರಬೇಕು? ಇನ್ನ ನಿಮ್ಮ ಮನ್ಯಾಗ ನಿಮ್ಮ ಸಾಮಾನು. ಒಂದೂ ಬಿಟ್ಟಿಲ್ಲ, ಹುಡುಕಿ ಹುಡುಕಿ ತಂದೀನಿ. ಆ ಮೂಲಿ ಖೋಲಿ ಹುಡುಗಗ ಅಭ್ಯಾಸಕ್ಕ ಆತು."

ಅವಳ ಮುಖದಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ. ಮೂರು ದಿನ ಕೂತು ಹೊಲಿದು ಕಟ್ಟಿದ್ದಳಂತೆ. ಅಣ್ಣ ಗೋಡೆಗೆ ಒರಗಿ ನನ್ನ ಮುಖ ನೋಡುತ್ತಿದ್ದ. ಅವನಿಗೂ ನೋವಾಗಿದೆಯೋ, ಅಥವಾ ಒಂದು ಕೆಲಸ ಸರಿಯಾಗಿ ಮುಗಿಸಿದ ಸಮಾಧಾನವೋ, ನನಗೆ ತಿಳಿಯಲಿಲ್ಲ. ನಾನು, "ಭಾಳ ಛಲೋ ಆತು ವೈನಿ" ಎಂದೆ. ಎದ್ದು ಬಾವಿಗೆ ಹೋದೆ. ನೀರು ಬೇಕಾಗಿರಲಿಲ್ಲ, ಎರಡು ಕೊಡ ಸೇದಿ ಗಿಡಗಳಿಗೆ ಸುರಿದೆ. ಯಾರೂ ಖಾಲಿ ಮಾಡು ಎನ್ನದಿದ್ದ ಕೋಣೆಯೊಂದು ಲೋಕದಲ್ಲಿ ಇತ್ತು. ಅದನ್ನು ನಾನೇ ಖಾಲಿ ಮಾಡಿಸಿದ್ದೆ.

ಮಾರನೆಯ ದಿನವೇ ಹೊರಟರು. ಹುಡುಗನ ಶಾಲೆ, ಅಣ್ಣನ ಕಚೇರಿ. ಇನ್ನೆರಡು ದಿನ ಇರಿ ಎಂದು ಅಂಗಲಾಚಿದೆ, ಆಗಲಿಲ್ಲ. ಸ್ಟೇಶನ್ನಿನಲ್ಲಿ ಬಂಡಿ ಹೊರಡುವ ಮೊದಲು ಕಿಟಕಿಯ ಹತ್ತಿರ ನಿಂತು, "ದೀಪಾವಳಿಗೆ ಬರ್ತೀನಿ ಅಣ್ಣಾ" ಎಂದೆ.

"ಬಾರವಾ, ಬರ್ಲಿಕ್ಕೇ ಬೇಕು," ಎಂದು ನನ್ನ ಕೈ ಹಿಡಿದುಕೊಂಡ. ಅವನ ಕಣ್ಣು ಒದ್ದೆಯಾಗಿತ್ತು. ಬಂಡಿ ಅಲುಗಿದ ಮೇಲೆ ಏನೋ ನೆನಪಾದವನಂತೆ ತಲೆ ಹೊರಗೆ ಹಾಕಿ ಕೂಗಿದ: "ಬರೋಕಿಂತ ಮೊದ್ಲ ಒಂದ್ ಕಾರ್ಡ್ ಹಾಕು!"

ಅಷ್ಟು ವರ್ಷದಲ್ಲಿ ನಾನು ಧಾರವಾಡಕ್ಕೆ ಹೋಗುವ ಮುನ್ನ ಕಾರ್ಡು ಹಾಕಿದವಳೇ ಅಲ್ಲ. ರಜೆ ಬಿಟ್ಟ ದಿನ ಚೀಲ ಹಿಡಿದು ರೈಲು ಹತ್ತುವುದು, ಬೆಳಗ್ಗೆ ಹೋಗಿ ಬಾಗಿಲು ನೂಕುವುದು, ಇಷ್ಟೇ ನನಗೆ ಗೊತ್ತಿದ್ದದ್ದು. ದೀಪಾವಳಿಗೆ ಹದಿನೈದು ದಿನ ಇರುವಾಗ ಪೋಸ್ಟಿಗೆ ಹೋಗಿ ಒಂದು ಕಾರ್ಡು ತಂದೆ. ತೀರ್ಥಸ್ವರೂಪ ಅಣ್ಣನವರಿಗೆ ಎಂದು ಬರೆದೆ. ಮುಂದೆ, ನಾನು ಇಂಥ ದಿನ ಬರುವವಳಿದ್ದೇನೆ, ಎಂದು ಬರೆಯಲು ಕೈ ಏಳಲಿಲ್ಲ. ನಮ್ಮ ಮನೆಗೆ ಬರುತ್ತೇನೆಂದು ಕೇಳಿ ಬರೆಯುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ. ಆ ಕಾರ್ಡು ಹಾಕಲಿಲ್ಲ. ಆ ದೀಪಾವಳಿಗೆ ನಾನು ಹೋಗಲೂ ಇಲ್ಲ.