ರಾಮಾಂಜಿನಪ್ಪ ಬರಿದು ಮಾಡಿದ ಬಾವಿ

ಬೆಳಿಗ್ಗೆ ಆರಕ್ಕೆ ಇನ್ನೂ ಹತ್ತು ನಿಮಿಷ. ಹಲಸೂರಿನ ಸರ್ಕಾರಿ ಶಾಲೆಯೊಂದರ ಹಿತ್ತಲಲ್ಲಿ ರಾಮಾಂಜಿನಪ್ಪ ಬೇವಿನ ಸೊಪ್ಪಿನ ಕಟ್ಟನ್ನು ಹಗ್ಗಕ್ಕೆ ಬಿಗಿದು ಹಳೆಯ ಬಾವಿಯೊಳಗೆ ಇಳಿಬಿಟ್ಟಿದ್ದಾರೆ. ಮೇಲಕ್ಕೆ, ಕೆಳಕ್ಕೆ, ಮತ್ತೆ ಮೇಲಕ್ಕೆ ಎಳೆದಾಡುತ್ತಾರೆ. ತಳದಲ್ಲಿ ನಿಂತ ಕೆಟ್ಟ ಗಾಳಿ ಕದಲಬೇಕು. ಆಮೇಲೆ ಡಬ್ಬಿಯಲ್ಲಿ ಹಚ್ಚಿಟ್ಟ ಮೇಣದಬತ್ತಿ ಇಳಿಯುತ್ತದೆ. ಮೂವತ್ತೆರಡು ಅಡಿ ಕೆಳಗೂ ಅದು ಆರದೆ ಉರಿದರೆ ಮಾತ್ರ ಅವರು ಇಳಿಯುವುದು.

"ತಿಂಡಿ ತಿಂದ್ಯೇನಮ್ಮಾ?" ಹಗ್ಗ ಹಿಡಿಯಲು ಬಂದ ಅಂಜಲಿಯನ್ನು ಕೇಳುತ್ತಾರೆ.

"ಆಮೇಲೆ ತಿಂತೀನಿ ತಾತ."

"ಹಸ್ಕೊಂಡಿರೋರ ಕೈಗೆ ನನ್ನ ಹಗ್ಗ ಕೊಡಲ್ಲ. ಅಲ್ಲಿ ಬನ್ ಐತೆ, ತಿನ್ನು. ಇನ್ನೊಂದು, ತಾತ ಅನ್ಬೇಡ. ನಂಗಿನ್ನೂ ಐವತ್ತೆಂಟು."

ಅಂಜಲಿ ವಿಮಾನಪುರದ ಹುಡುಗಿ, ಡಿಗ್ರಿ ಎರಡನೇ ವರ್ಷ. ಪಕ್ಕದಲ್ಲಿ ಸೊಂಟದ ಬೆಲ್ಟು ಸರಿಮಾಡುತ್ತಿರುವವನು ಶಿವಾಜಿನಗರದ ತೌಹೀದ್. ಅವನ ತಂದೆಗೆ ಕಮರ್ಷಿಯಲ್ ಸ್ಟ್ರೀಟ್ ಪಕ್ಕದ ಗಲ್ಲಿಯಲ್ಲಿ ಬೆಡ್‌ಶೀಟ್ ಅಂಗಡಿ. ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ನಲ್ಲಿ ಬತ್ತಿದಾಗ ಇಂಥ ಹುಡುಗ ಹುಡುಗಿಯರೆಲ್ಲ ಸೇರಿ ಒಂದು ಗುಂಪು ಕಟ್ಟಿಕೊಂಡರು. ಹಳೆಯ ಬಾವಿಗಳನ್ನು ಬದುಕಿಸುವುದು ಅವರ ಹಂಬಲ. ಹಂಬಲವೇನೋ ಇತ್ತು, ಹಾರೆ ಹಿಡಿಯುವುದು ಯಾರಿಗೂ ಗೊತ್ತಿರಲಿಲ್ಲ. ಕಲಿಸಲು ಸಿಕ್ಕವರು ಈ ರಾಮಾಂಜಿನಪ್ಪ.

ಬಾವಿಯನ್ನು ಮುಚ್ಚಿ ನೆಲ ಸಮ ಮಾಡಬೇಕೆಂದು ಶಾಲೆಯ ಸಮಿತಿ ಇವರೆಲ್ಲ ಇಲ್ಲಿಗೆ ಬರುವಷ್ಟರಲ್ಲಾಗಲೇ ತೀರ್ಮಾನಿಸಿತ್ತು. ಕಲಬುರಗಿ ಕಡೆಯ ಮುಖ್ಯೋಪಾಧ್ಯಾಯಿನಿ ಸಂಗಮ್ಮ ಹೇಗೋ ಸ್ವಲ್ಪ ಗಡುವು ಕೇಳಿ ಪಡೆದರು. "ದಸರಾ ರಜಾ ಸುರು ಆಗೂದ್ರಾಗ ಒಂದ್ ಕೊಡ ನೀರು ತೋರಸ್ರಿ. ಇಲ್ಲಂದ್ರ ಮಣ್ಣಿನ ಲಾರಿ ಬರ್ತಾವ. ನನ್ನ ಕೈಯಾಗ ಏನೂ ಇಲ್ಲ," ಎಂದಿದ್ದರು. ನಾಳೆಯಿಂದ ರಜೆ.

ರಾಮಾಂಜಿನಪ್ಪನವರದು ಪಾವಗಡದ ಕಡೆಯಿಂದ ಬಂದ, ತಲೆಮಾರುಗಳಿಂದ ಬಾವಿ ತೋಡುವ ಮನೆತನ. ಈಗ ಕೆ.ಆರ್. ಪುರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಹದಿನಾರನೇ ವಯಸ್ಸಿಗೆ ಅಪ್ಪನ ಜೊತೆ ಮೊದಲ ಬಾವಿಗೆ ಇಳಿದರು. ಆಮೇಲೆ ಊರೆಲ್ಲ ಬೋರ್‌ವೆಲ್ ಗಾಡಿಗಳು ಬಂದವು. "ಗಾಡಿ ಕೊರೀತಿದ್ರೆ ನಮ್ಮಪ್ಪ ದೂರ ನಿಂತ್ಕೊಂಡು ನೋಡೋರು," ಎನ್ನುತ್ತಾರೆ.

ಹನ್ನೊಂದು ವರ್ಷ ಅವರು ಇಂದಿರಾನಗರದ ಅಪಾರ್ಟ್‌ಮೆಂಟೊಂದರ ಗೇಟು ಕಾದರು. ಒಂದು ದಿನ ಅಲ್ಲಿ ಮಳೆನೀರು ಇಂಗಿಸುವ ಬಾವಿ ತೋಡಲು ಬಂದವರು ಸಿಮೆಂಟ್ ರಿಂಗನ್ನು ಸೊಟ್ಟಗೆ ಇಳಿಸುತ್ತಿದ್ದರಂತೆ. ನೋಡಲಾಗಲಿಲ್ಲ. ಸೆಕ್ಯೂರಿಟಿ ಶರ್ಟು ಬಿಚ್ಚಿ ಗೇಟಿಗೆ ನೇತುಹಾಕಿ ತಾವೇ ಇಳಿದುಬಿಟ್ಟರು. ಆ ಶರ್ಟು ಮತ್ತೆ ಮೈಮೇಲೆ ಏರಲಿಲ್ಲ. ಅಲ್ಲಿಂದೀಚೆಗೆ ನೂರನಲವತ್ತು ಇಂಗುಬಾವಿ ತೋಡಿದ್ದಾರೆ, ಹದಿನೇಳು ಹಳೆಯ ಬಾವಿಗಳ ಹೂಳು ತೆಗೆದಿದ್ದಾರೆ.

ಈ ಬಾವಿಗೆ ಮೊದಲ ದಿನ ಬಂದ ಹುಡುಗರು ನಲವತ್ತು ಜನ, ಎರಡನೇ ವಾರಕ್ಕೆ ಉಳಿದವರು ಒಂಬತ್ತು. ರಾಮಾಂಜಿನಪ್ಪ ಬೈಯಲಿಲ್ಲ. "ಕೈ ಬೊಬ್ಬೆ ಬಂದ್ಮೇಲೂ ಬಂದ್ರಲ್ಲ, ಅವ್ರಷ್ಟೇ ಸಾಕು," ಅಂದರು. ಬೆಳಿಗ್ಗೆಗೆ ನೂರಹತ್ತು ಬಕೆಟ್ ಹೂಳಿನಂತೆ ಹತ್ತೊಂಬತ್ತು ಬೆಳಿಗ್ಗೆ ಎತ್ತಿದರು. ಅದರೊಳಗೆ ಮೂರು ಟೈರು, ಬಿಸಿಯೂಟದ ತಟ್ಟೆಗಳು, ಒಂದು ಸೀಲಿಂಗ್ ಫ್ಯಾನು. ತಳ ಸಿಕ್ಕಿತು, ನೀರು ಸಿಗಲಿಲ್ಲ. ಮಣ್ಣಿಗೆ ನೀರು ಕುಡಿಸಬೇಕು ಎಂದು ರಾಮಾಂಜಿನಪ್ಪ ಪಕ್ಕದಲ್ಲೇ ಒಂದು ಇಂಗುಬಾವಿ ತೋಡಿಸಿದರು. ಶಾಲೆಯ ಚಾವಣಿಯ ಮಳೆನೀರೆಲ್ಲ ಅದಕ್ಕೆ ಬಂದು, ನೆಲಕ್ಕಿಳಿದು, ನಿಧಾನವಾಗಿ ಹಳೆಯ ಬಾವಿಯ ಕಡೆ ಜಿನುಗಬೇಕು.

ಕೆಲಸ ಮುಗಿಯಲು ಎರಡು ದಿನ ಇರುವಾಗ ಮೊಮ್ಮಗಳ ಕಿವಿ ಚುಚ್ಚಿಸಲು ಅವರು ಊರಿಗೆ ಹೋದರು. ಎಡವಟ್ಟಾಗಿದ್ದು ಆಗಲೇ. ತಾತ ಬರುವಷ್ಟರಲ್ಲಿ ಅಚ್ಚುಕಟ್ಟಾಗಿ ಮುಗಿಸಿಬಿಡೋಣ ಎಂದು ಹುಡುಗರು ಇಂಗುಬಾವಿಯ ತಳಕ್ಕೆ ಒಳ್ಳೆ ಸಿಮೆಂಟ್ ಹಾಕಿ, ರಿಂಗುಗಳ ಸಂದನ್ನೂ ನುಣ್ಣಗೆ ಮೆತ್ತಿಬಿಟ್ಟರು! ಮರುದಿನ ಜೋರು ಮಳೆ. ಒಂದು ಹನಿಯೂ ಇಂಗಲಿಲ್ಲ. ತುಂಬಿ ಉಕ್ಕಿದ ನೀರು ನೇರವಾಗಿ ಬಿಸಿಯೂಟದ ಅಡುಗೆಮನೆಗೆ ನುಗ್ಗಿ ಎರಡು ಮೂಟೆ ಅಕ್ಕಿ ನೆನೆಯಿತು.

ಸಮಿತಿಯವರು ಕೂಗಾಡುವಾಗ ರಾಮಾಂಜಿನಪ್ಪ ನಡುವೆ ಬಂದು ನಿಂತರು. "ತಪ್ಪು ನಂದು ಸಾರ್. ತಳ ಯಾಕೆ ಮಣ್ಣಾಗೇ ಬಿಡ್ಬೇಕು ಅಂತ ಹೇಳ್ಕೊಡದೆ ಊರಿಗೋದೆ." ಸಮಿತಿಯವರು ಹೋದ ಮೇಲೆ ಇಂಗುಬಾವಿಗೆ ಇಣುಕಿ ನೋಡಿ ನಕ್ಕುಬಿಟ್ಟರು. "ಏನ್ ಫಿನಿಶಿಂಗ್ ಕೊಟ್ಟಿದ್ದೀರೋ! ಎಮ್ಮೆ ತೊಳ್ಯೋಕೆ ಒಳ್ಳೆ ತೊಟ್ಟಿ." ಹಾರೆಯನ್ನು ತೌಹೀದನ ಕೈಗೆ ಕೊಟ್ಟರು, ತಾವು ಮುಟ್ಟಲಿಲ್ಲ. ತಳ ಒಡೆಯಲು ಅವನಿಗೆ ಎರಡು ದಿನ ಹಿಡಿಯಿತು. ಮುಂದಿನ ಮಳೆಯಲ್ಲಿ ತುಂಬಿದ ನೀರು ನಲವತ್ತು ನಿಮಿಷದಲ್ಲಿ ನೆಲ ಸೇರಿತು.

ನಿನ್ನೆ ಸಂಜೆ ಹಳೆಯ ಬಾವಿಯಲ್ಲಿ ಮೊಣಕಾಲುದ್ದ ನೀರಿತ್ತು. ಹುಡುಗರು ಕುಣಿದಾಡಿದರು. ರಾಮಾಂಜಿನಪ್ಪ ಮಾತ್ರ ಇಳಿದು, ಬಕೆಟ್ಟಿನಲ್ಲಿ ತುಂಬಿ ತುಂಬಿ ಕಳಿಸಿ ಅಷ್ಟನ್ನೂ ಖಾಲಿ ಮಾಡಿಸಿದರು.

"ಏ ತಾತ, ಅದನ್ನೇ ತೋರಿಸಿದ್ರೆ ಪಾಸ್ ಆಗ್ತಿದ್ವಲ್ಲ!" ತೌಹೀದ್ ತಲೆ ಚಚ್ಚಿಕೊಂಡ.

"ಅದು ಮೇಲಿಂದ ಬಾವಿ ಬಾಯೊಳಗೆ ಬಿದ್ದ ಮಳೆನೀರು ಮಗಾ. ಅದನ್ನ ತೋರ್ಸಿ ಬಾವಿ ಉಳಿಸ್ಕೊಂಡ್ರೆ, ಬೇಸಿಗೇಲಿ ಸಂಗಮ್ಮೋರ ಮುಖ ಹೆಂಗ್ ನೋಡ್ಲಿ? ನೀರು ಒಳಗಿಂದ ಬರ್ಬೇಕು. ಬಂದ್ರೆ ರಾತ್ರಿ ಕಳೆಯೋದ್ರೊಳಗೆ ಬರ್ತದೆ."

ಹಾಗಾಗಿಯೇ ಇವತ್ತಿನ ಬೆಳಿಗ್ಗೆ ಎಲ್ಲರ ಕಣ್ಣೂ ಬಾವಿಯ ಮೇಲೆ. ಮೇಣದಬತ್ತಿ ಆರದೆ ಮೇಲೆ ಬಂದಿದೆ. ಅಂಜಲಿ ಬನ್ ನುಂಗಿದ್ದಾಳೆ. ರಾಮಾಂಜಿನಪ್ಪ ಕಲ್ಲಿನ ಸಂದುಗಳಲ್ಲಿ ಕಾಲೂರುತ್ತಾ ಇಳಿಯುತ್ತಾರೆ. ಸಂಗಮ್ಮನವರೂ ಸೆರಗು ಬಿಗಿದುಕೊಂಡು ಕಟ್ಟೆಯ ಬಳಿ ನಿಂತಿದ್ದಾರೆ.

"ಏನಾಯ್ತು ತಾತ?"

ಅಂಜಲಿ ಬಗ್ಗಿ ಕೂಗುತ್ತಾಳೆ. ತಳದಿಂದ ದನಿ ಬರುತ್ತದೆ. "ಕೊಡ ಇಳಿಸ್ರಪ್ಪಾ. ಮೂಡ್ಲ ಕಡೆ ಕಲ್ಲಿನ ಸಂದೀಲಿ ಸೆಲೆ ಒಡೆದೈತೆ. ಪಾದ ಮುಳುಗ್ತಾ ಐತೆ."

ಚೊಂಬಿನಲ್ಲಿ ತುಂಬಿ ತುಂಬಿ ಒಂದು ಕೊಡವಾಗಲು ಕಾಲು ಗಂಟೆ ಬೇಕಾಯಿತು. ತೌಹೀದ್ ಕೊಡವನ್ನು ಎಳೆದು ಕಟ್ಟೆಯ ಮೇಲಿಟ್ಟ. ನೀರು ಕೆಂಪಗೆ, ಟೀಯ ಬಣ್ಣದಲ್ಲಿತ್ತು. ಸಂಗಮ್ಮ ಬೆರಳದ್ದಿ ನೋಡಿ, "ಆತು. ಲಾರಿ ಬ್ಯಾಡ ಅಂತ ಈಗಲೇ ಫೋನ್ ಮಾಡ್ತೀನಿ," ಎಂದು ಮುಖ ತಿರುಗಿಸಿಕೊಂಡರು. ಅವರ ಕಣ್ಣು ತುಂಬಿತ್ತು.

ಮೇಲೆ ಬಂದ ರಾಮಾಂಜಿನಪ್ಪ ಕೆಸರು ಕಾಲಲ್ಲೇ ಕಟ್ಟೆಯ ಮೇಲೆ ಕೂರುತ್ತಾರೆ. ನಿಮ್ಮ ಹೆಸರಿನ ಒಂದು ಕಲ್ಲು ಹಾಕಿಸೋಣ ಎನ್ನುತ್ತಾರೆ ಸಂಗಮ್ಮ.

"ಕಲ್ಲು ಬೇಡ ಮೇಡಂ. ಮಕ್ಕಳು ಬೀಳ್ತಾರೆ ಅಂತ ಮೇಲೆ ಕಾಂಕ್ರೀಟ್ ಮಾತ್ರ ಮುಚ್ಬೇಡಿ. ಗಟ್ಟಿ ಕಬ್ಬಿಣದ ಜಾಲರಿ ಹಾಕ್ಸಿ, ಬೀಗ ಹಾಕಿ. ಮಕ್ಕಳು ದಿನಾ ಬಗ್ಗಿ ನೋಡ್ಲಿ. ಒಳಗೆ ನೀರು ಕಂಡ್ರೆ ಯಾರೂ ತಟ್ಟೆ ಎಸೆಯಲ್ಲ."